ಚೈಕೋವ್‌ಸ್ಕಿಯ ಆರನೆಯ ಸಿಂಫನಿ: ಧ್ವನಿಮುದ್ರಿಕೆಗಳ ಪಾಠವಿಮರ್ಶೆ

ಒಂದು ಕೃತಿಯ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಓದುವುದು ಗ್ರಂಥಸಂಪಾದಕನ ನಿತ್ಯದ ಕಾಯಕ. ಯಾವ ಪ್ರತಿ ಚೆನ್ನಾಗಿದೆ ಎಂದು ಅವನು ಮೊದಲು ಕೇಳುವುದಿಲ್ಲ. ಪ್ರತಿಗಳು ಎಲ್ಲೆಲ್ಲಿ ಭಿನ್ನವಾಗುತ್ತವೆ, ಏಕೆ ಭಿನ್ನವಾಗುತ್ತವೆ, ಆ ಭೇದಕ್ಕೆ ಕರ್ತೃ ಹೊಣೆಯೋ ಲಿಪಿಕಾರ ಹೊಣೆಯೋ ಎಂದು ಕೇಳುತ್ತಾನೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಹೋಲಿಸುವವರಲ್ಲಿ ಈ ಕ್ರಮ ಅಪರೂಪ. ಅಲ್ಲಿ ಹೋಲಿಕೆಯೆಂದರೆ ಬಹುಮಟ್ಟಿಗೆ ಸ್ಪರ್ಧೆ. ಯಾರಿಗೆ ಮೊದಲ ಸ್ಥಾನ, ಯಾರಿಗೆ ಎಷ್ಟು ನಕ್ಷತ್ರ ಎಂಬ ತೀರ್ಪಿನೊಡನೆ ವಿಚಾರ ಮುಗಿಯುತ್ತದೆ. ರಮ್ಯಯುಗದ ಅತ್ಯಂತ ಪ್ರಸಿದ್ಧ ಸಿಂಫನಿಗಳಲ್ಲಿ ಒಂದಾದ ಪ್ಯೋತ್ರ್ ಇಲ್ಯಿಚ್ ಚೈಕೋವ್‌ಸ್ಕಿಯ ಆರನೆಯ ಸಿಂಫನಿಯನ್ನು ಉದಾಹರಣೆಯಾಗಿಟ್ಟುಕೊಂಡು, ಧ್ವನಿಮುದ್ರಿಕೆಗಳ ಹೋಲಿಕೆಯೂ ಒಂದು ಪಾಠವಿಮರ್ಶೆಯೇ ಎಂದು ಇಲ್ಲಿ ವಾದಿಸುತ್ತೇನೆ. ಈ ಕೃತಿಯ ಕೊನೆಯ ಭಾಗ ಕೆಲವು ಪ್ರಖ್ಯಾತ ಧ್ವನಿಮುದ್ರಿಕೆಗಳಲ್ಲಿ ಪಡೆದಿರುವ ಅತಿ ವಿಳಂಬಗತಿ ಕೃತಿಯಿಂದ ಬಂದದ್ದಲ್ಲ, ಕರ್ತೃವಿನ ಮರಣದ ಕಥೆಯಿಂದ ಬಂದದ್ದು ಎಂಬುದು ನನ್ನ ಅಭಿಮತ.

ನಾನು ಸಂಗೀತಶಾಸ್ತ್ರಜ್ಞನಲ್ಲ. ಕನ್ನಡ ಪಾಠ ಹೇಳುವವನು. ಆದರೆ ಈ ಒಂದು ಕೃತಿಯ ವಿಷಯದಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದ್ದೇನೆ. ಎರಡೂ ಗ್ರಂಥಸಂಪಾದನೆಯ ವಿದ್ಯಾರ್ಥಿ ಮಾಡಬಾರದ ತಪ್ಪುಗಳು. ಅವುಗಳ ಮೂಲಕವೇ ವಿಷಯವನ್ನು ಪ್ರವೇಶಿಸುವುದು ಪ್ರಾಮಾಣಿಕವಾದ ದಾರಿ ಎನಿಸುತ್ತದೆ.

ಮೊದಲ ತಪ್ಪು 1990ರ ದಶಕದ್ದು. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಈ ಸಿಂಫನಿ ನನಗೆ ದೊರೆತದ್ದು ಗೆಳೆಯನೊಬ್ಬ ನಕಲು ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. ಅದರ ಚೀಟಿಯ ಮೇಲೆ ಕರ್ತೃವಿನ ಹೆಸರು ಮತ್ತು 6 ಎಂಬ ಅಂಕಿ ಇದ್ದವು. ವಾದ್ಯವೃಂದ ಯಾವುದು, ನಿರ್ದೇಶಕ ಯಾರು ಎಂಬ ಉಲ್ಲೇಖವಿರಲಿಲ್ಲ. ಮೂರನೆಯ ಭಾಗದ ದಂಡಯಾತ್ರೆಯಂಥ ನಡೆ ತಾರಕಕ್ಕೇರಿ ಮುಗಿದೊಡನೆ ಒಂದು ಕ್ಷಣ ಸದ್ದಡಗಿ, ಬಳಿಕ ಚಲನಚಿತ್ರಗೀತೆಗಳು ಆರಂಭವಾಗುತ್ತಿದ್ದವು. ಉಳಿದ ಜಾಗವನ್ನು ಗೆಳೆಯ ವ್ಯರ್ಥ ಮಾಡಿರಲಿಲ್ಲ. ಸುಮಾರು ಮೂರು ವರ್ಷ ಈ ಕೃತಿ ವಿಜಯಘೋಷದಲ್ಲಿ ಮುಗಿಯುತ್ತದೆಂದೇ ನಂಬಿದ್ದೆ. ಮೊದಲ ಭಾಗದ ಶೋಕವನ್ನು ಕರ್ತೃ ಕೊನೆಗೆ ಗೆದ್ದನೆಂದು ಹಾಸ್ಟೆಲಿನ ಗೆಳೆಯರೊಡನೆ ವಾದಿಸಿಯೂ ಇದ್ದೆ. ಇದು ತ್ರುಟಿತ ಪ್ರತಿಯನ್ನು ಪೂರ್ಣಪ್ರತಿಯೆಂದು ಭ್ರಮಿಸಿ ಅದರ ಮೇಲೆ ಅರ್ಥ ಕಟ್ಟಿದ ತಪ್ಪು. ಕೊನೆಯ ಗರಿ ಇಲ್ಲದ ಓಲೆಕಟ್ಟು ನನ್ನ ಕೈಯಲ್ಲಿತ್ತು. ಗರಿ ಇಲ್ಲವೆಂಬ ಅನುಮಾನವೂ ನನಗೆ ಬಂದಿರಲಿಲ್ಲ. ಅದಕ್ಕೆ ನಕಲು ಮಾಡಿದವನು ಕಾರಣನಲ್ಲ, ಒಂದೇ ಪ್ರತಿಯನ್ನು ನೆಚ್ಚಿದ ನಾನು ಕಾರಣ.

ಎರಡನೆಯ ತಪ್ಪಿಗೆ ಬರುವ ಮುನ್ನ ಕೃತಿಯ ಚರಿತ್ರೆಯನ್ನು ಸ್ಥೂಲವಾಗಿ ನೋಡಬೇಕು.

ಚೈಕೋವ್‌ಸ್ಕಿ ಈ ಸಿಂಫನಿಯನ್ನು ರಚಿಸಿದ್ದು 1893ರಲ್ಲಿ. ವರ್ಷಾರಂಭದಲ್ಲಿ ಕರಡು ಸಿದ್ಧವಾಯಿತು. ಆಗಸ್ಟಿನ ಹೊತ್ತಿಗೆ ವಾದ್ಯವಿನ್ಯಾಸ ಮುಗಿಯಿತು. ಕೃತಿಯನ್ನು ಸೋದರಿಯ ಮಗ ವ್ಲಾದಿಮಿರ್ ದವಿದೋವ್‌ಗೆ ಅರ್ಪಿಸಲಾಗಿದೆ. ಇದರೊಳಗೆ ಒಂದು ಕಥಾಸೂತ್ರವಿದೆ, ಆದರೆ ಅದು ಕೇಳುಗರಿಗೆ ಒಗಟಾಗಿಯೇ ಉಳಿಯಲಿ ಎಂದು ಕರ್ತೃ ಆತನಿಗೆ ಬರೆದಿದ್ದನು. ಅದೇ ವರ್ಷದ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕರ್ತೃವಿನ ನಿರ್ದೇಶನದಲ್ಲೇ ಪ್ರಥಮ ಪ್ರದರ್ಶನ ನಡೆಯಿತು. ಸಭಿಕರು ಗೌರವದಿಂದ ಕೇಳಿದರು. ಆದರೆ ಅವರಿಗೆ ಕೃತಿ ಸ್ವಲ್ಪ ಗೊಂದಲವನ್ನೇ ಉಂಟುಮಾಡಿತು. ಒಂಬತ್ತು ದಿನಗಳ ನಂತರ, ನವೆಂಬರ್ 6ರಂದು, ಚೈಕೋವ್‌ಸ್ಕಿ ಕಾಲರಾದಿಂದ ತೀರಿಕೊಂಡನು. ನವೆಂಬರ್ 18ರಂದು ಎಡ್ವರ್ಡ್ ನಾಪ್ರಾವ್‌ನಿಕ್ ನಿರ್ದೇಶನದಲ್ಲಿ ಅದೇ ಊರಿನಲ್ಲಿ ಕೃತಿ ಎರಡನೆಯ ಬಾರಿ ಕೇಳಿಬಂದಿತು. ಈ ಸಲ ಸಭೆ ಕಣ್ಣೀರಿನಲ್ಲಿ ಮುಳುಗಿತು. ಸ್ವರಗಳು ಅವೇ; ಕೇಳುಗರು ಮಾತ್ರ ಬದಲಾಗಿದ್ದರು. ಮೂರು ವಾರಗಳ ಹಿಂದೆ ಒಗಟಾಗಿದ್ದದ್ದು ಈಗ ಮರಣಶಾಸನವಾಗಿ ಕೇಳಿಸಿತು.

ನನ್ನ ವಾದದ ಬೀಜ ಇರುವುದು ಈ ಎರಡು ಸಂಜೆಗಳ ನಡುವಣ ಅಂತರದಲ್ಲಿ. ಅಂದಿನಿಂದ ಇಂದಿನವರೆಗೆ ಈ ಕೃತಿಯನ್ನು ನುಡಿಸಿದವರೂ ಕೇಳಿದವರೂ ಬಹುಪಾಲು ಎರಡನೆಯ ಸಂಜೆಯ ವಾರಸುದಾರರು. ಮೊದಲ ಸಂಜೆಯ ಕಿವಿಯಿಂದ ಇದನ್ನು ಕೇಳುವುದು ಬಹು ಕಷ್ಟ.

ಕೃತಿಗೆ ನಾಲ್ಕು ಭಾಗಗಳು. ಮೊದಲನೆಯದು ಬಸೂನ್ ವಾದ್ಯದ ತಗ್ಗುಸ್ಥಾಯಿಯ ಕತ್ತಲೆಯಲ್ಲಿ ಆರಂಭವಾಗಿ, ನಡುವೆ ಒಂದು ಪ್ರಸನ್ನ ರಾಗಭಾವವನ್ನು ತೋರಿ, ಬಿರುಗಾಳಿಯೊಂದನ್ನು ಹಾಯ್ದು ಶಾಂತವಾಗುತ್ತದೆ. ಎರಡನೆಯದು ಐದು ಎಣಿಕೆಯ ನೃತ್ಯ. ಮೂರು ಎಣಿಕೆಯ ವಾಲ್ಟ್ಸ್‌ಗೆ ಒಗ್ಗಿದ ಕಾಲು ಇಲ್ಲಿ ಎಡವುತ್ತದೆ. ಮೂರನೆಯದು ಗೆಲುವಿನ ನಡೆ. ಸಭಾಂಗಣಗಳಲ್ಲಿ ಕೃತಿಯೇ ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ತಟ್ಟುವುದು ಇಲ್ಲಿ. ನನ್ನ ಕ್ಯಾಸೆಟ್ಟು ಮುಗಿಯುತ್ತಿದ್ದುದೂ ಇಲ್ಲೇ ಎಂಬುದನ್ನು ನೆನೆದರೆ ತಪ್ಪು ನನ್ನೊಬ್ಬನದಲ್ಲವೆಂದು ತುಸು ಸಮಾಧಾನವಾಗುತ್ತದೆ. ನಾಲ್ಕನೆಯ ಭಾಗ ಆ ಕಾಲದ ರೂಢಿಗೆ ವಿರುದ್ಧವಾದುದು. ಸಿಂಫನಿಗಳು ವೇಗದಲ್ಲಿ, ಉಜ್ಜ್ವಲವಾಗಿ ಮುಗಿಯುತ್ತಿದ್ದ ಯುಗದಲ್ಲಿ ಇದು ಪ್ರಲಾಪವಾಗಿ ತೊಡಗಿ, ಚೆಲ್ಲೋ ಮತ್ತು ಡಬಲ್ ಬಾಸ್‌ಗಳ ತಳಸ್ವರಗಳಲ್ಲಿ ಕ್ಷೀಣಿಸುತ್ತ ಮೌನಕ್ಕೆ ಸಂದುಹೋಗುತ್ತದೆ.

ಇನ್ನು ಪಾಠದ ಪ್ರಶ್ನೆಗಳು. ಈ ಸಿಂಫನಿಯ ಹೆಸರಿನಿಂದಲೇ ಅವು ತೊಡಗುತ್ತವೆ. ಫ್ರೆಂಚಿನ ಪಥೆತೀಕ್ ಎಂಬ ಹೆಸರು ಲೋಕಪ್ರಸಿದ್ಧ. ಪ್ರಥಮ ಪ್ರದರ್ಶನದ ಮರುದಿನ ಈ ಹೆಸರನ್ನು ತಾನೇ ಸೂಚಿಸಿದೆನೆಂದು ಕರ್ತೃವಿನ ತಮ್ಮ ಮೊದೆಸ್ತ್ ಬರೆದಿದ್ದಾನೆ. ಆದರೆ ಪ್ರಕಾಶಕ ಯೂರ್ಗೆನ್‌ಸನ್ ಪ್ರದರ್ಶನಕ್ಕೆ ವಾರಗಳ ಮೊದಲೇ ಬರೆದ ಪತ್ರದಲ್ಲಿ ರಷ್ಯನ್ನಿನ ಪತೆತಿಚೆಸ್ಕಾಯ ಎಂಬ ಆ ಹೆಸರು ಕಾಣುತ್ತದೆ. ಸಂಬಂಧಿಕರ ಸ್ಮರಣೆಗಿಂತ ಸಮಕಾಲೀನ ದಾಖಲೆ ಹೆಚ್ಚು ನಂಬಲರ್ಹ ಎಂಬ ನಮ್ಮ ಶಾಸ್ತ್ರದ ಸಾಮಾನ್ಯ ಸೂತ್ರ ಇಲ್ಲಿಯೂ ಸಲ್ಲುತ್ತದೆ. ಅರ್ಥದ ವಿಷಯವೂ ಗಮನಾರ್ಹ. ರಷ್ಯನ್ ಪದ ಸೂಚಿಸುವುದು ಭಾವಾವೇಶವನ್ನು, ಉತ್ಕಟತೆಯನ್ನು. ಇಂಗ್ಲಿಷಿನ ದಾರಿಯಾಗಿ ಬಂದಾಗ ಅದಕ್ಕೆ ಕನಿಕರದ, ದೈನ್ಯದ ಛಾಯೆ ಅಂಟಿಕೊಳ್ಳುತ್ತದೆ. ಹೀಗೆ ಭಾಷಾಂತರದಲ್ಲೇ ಕೃತಿ ಅರ್ಧ ಅಳುವಿಗೆ ತಿರುಗಿತು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಪೂರ್ಣ ಸ್ವರಲಿಪಿ ಅಚ್ಚಾದದ್ದು ಕರ್ತೃವಿನ ಮರಣಾನಂತರ, 1894ರಲ್ಲಿ. ಅದರಲ್ಲಿ ಕೊನೆಯ ಭಾಗದ ಗತಿಸೂಚನೆ ಅದಾಜಿಯೊ ಲಾಮೆಂತೋಸೊ. ಆದರೆ ಸ್ವಹಸ್ತಪ್ರತಿಯಲ್ಲಿ ಮೊದಲು ಇದ್ದದ್ದು ಅಂದಾಂತೆ ಲಾಮೆಂತೋಸೊ; ಅನಂತರ ಅಂದಾಂತೆಯನ್ನು ಅದಾಜಿಯೊ ಎಂದು ತಿದ್ದಲಾಗಿದೆ. ಈ ತಿದ್ದುಪಡಿಯ ಕೈ ಯಾರದು ಎಂಬುದು ಚರ್ಚೆಯ ವಿಷಯ. ಅದು ಚೈಕೋವ್‌ಸ್ಕಿಯ ಕೈಯಲ್ಲ, ಎರಡನೆಯ ಪ್ರದರ್ಶನವನ್ನು ನಿರ್ದೇಶಿಸಿದ ನಾಪ್ರಾವ್‌ನಿಕನದು ಎಂಬ ವಾದವಿದೆ. ಇದು ನಿಜವಾದರೆ ಪರಿಣಾಮ ಸಣ್ಣದಲ್ಲ. ಅದಾಜಿಯೊ ಎಂದರೆ ವಿಳಂಬ, ಸಾವಧಾನ. ಅಂದಾಂತೆ ಇಟಾಲಿಯನ್ನಿನ ನಡೆ ಎಂಬರ್ಥದ ಧಾತುವಿನಿಂದ ಬಂದ ಪದ. ನಡೆಯುತ್ತಿರುವ ಎಂದು ಅದರ ಅರ್ಥ. ಒಂದರಲ್ಲಿ ಶೋಕ ಕುಳಿತಿದೆ, ಇನ್ನೊಂದರಲ್ಲಿ ನಡೆಯುತ್ತಿದೆ. ಪ್ರತಿಗಳನ್ನು ನೋಡಿದವರಿಗೆ ಈ ಬಗೆಯ ತಿದ್ದುಪಡಿ ಹೊಸದಲ್ಲ. ಕೃತಿಯ ಮೇಲಿನ ಭಕ್ತಿಯಿಂದಲೇ, ಕರ್ತೃವಿಗೆ ಸಹಾಯ ಮಾಡುತ್ತಿದ್ದೇನೆಂದು ತಿಳಿದೇ, ಲಿಪಿಕಾರ ಪದವನ್ನು ಬದಲಿಸುತ್ತಾನೆ. ಕೈ ಯಾರದೆಂಬುದು ತೀರ್ಮಾನವಾಗದಿದ್ದರೂ ಇಷ್ಟು ಹೇಳಬಹುದು: ಈ ಭಾಗವನ್ನು ಕರ್ತೃ ಮೊದಲು ಕಲ್ಪಿಸಿಕೊಂಡದ್ದು ನಡೆಯುವ ಗತಿಯಲ್ಲಿ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಧ್ವನಿಮುದ್ರಿಕೆಗಳನ್ನು ಪರಿಶೀಲಿಸಬಹುದು. ಐದನ್ನು ಆಯ್ದುಕೊಂಡಿದ್ದೇನೆ.

ವಿಲ್ಲೆಮ್ ಮೆಂಗೆಲ್‌ಬರ್ಗ್ ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಗೆಬೌ ವಾದ್ಯವೃಂದದೊಡನೆ 1937ರಲ್ಲಿ ಮುದ್ರಿಸಿದ ಪಾಠ ಇಂದಿನ ಕಿವಿಗೆ ವಿಚಿತ್ರವೆನಿಸಬಹುದು. ಪಿಟೀಲುಗಳು ಸ್ವರದಿಂದ ಸ್ವರಕ್ಕೆ ನೆಗೆಯುವುದಿಲ್ಲ, ಜಾರುತ್ತವೆ. ಕರ್ನಾಟಕ ಸಂಗೀತದ ಜಾರುವನ್ನು ಕೇಳಿ ಬೆಳೆದ ನಮಗೆ ಇದು ಸಹಜವೆನಿಸಿದರೂ, ಯುರೋಪಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಈ ಶೈಲಿ ಕಳಪೆ ಅಭಿರುಚಿಯ ಲಕ್ಷಣವೆನಿಸಿ ಮರೆಯಾಯಿತು. ಚೈಕೋವ್‌ಸ್ಕಿಯ ಕಾಲದ ಪಿಟೀಲುವಾದಕರು ಹೀಗೆ ಜಾರುತ್ತಿದ್ದರೆಂಬುದನ್ನು ನೆನೆದರೆ, ಮೆಂಗೆಲ್‌ಬರ್ಗ್‌ನಲ್ಲಿ ನಮಗೆ ದೋಷವಾಗಿ ಕಾಣುವುದು ಪ್ರಾಚೀನ ಪಾಠದ ಅವಶೇಷ. ಅಪರಿಚಿತವಾದ ಹಳಗನ್ನಡ ರೂಪವನ್ನು ಲಿಪಿಕಾರನ ತಪ್ಪೆಂದು ತಿದ್ದಿಬಿಡುವ ಆತುರದ ಸಂಪಾದಕರಿಗೆ ಇಲ್ಲೊಂದು ಪಾಠವಿದೆ.

ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್ಹಾರ್ಮೋನಿಕ್‌ನೊಡನೆ 1938ರಲ್ಲಿ ಮಾಡಿದ ಮುದ್ರಣ ಆರು ತಟ್ಟೆಗಳಲ್ಲಿ ಹೊರಬಂದಿತು. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ; ಆದ್ದರಿಂದ ಸಂಗೀತವನ್ನು ತುಂಡು ತುಂಡಾಗಿ ನುಡಿಸಿ, ನಿಲ್ಲಿಸಿ, ಮತ್ತೆ ಮುಂದುವರಿಸಬೇಕಿತ್ತು. ಹಾಗಿದ್ದೂ ಅವನ ಪಾಠದಲ್ಲಿ ಮೊದಲ ಭಾಗ ಒಂದೇ ಉಸಿರಿನಲ್ಲಿ ಬೆಳೆದಂತೆ ಕೇಳಿಸುತ್ತದೆ. ಗತಿ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಪ್ರತಿಯೊಂದು ಏರಿಳಿತವೂ ಮುಂದಿನ ಘಟ್ಟವನ್ನು ಕಂಡುಕೊಂಡೇ ನಡೆಯುತ್ತದೆ. 1938ರ ಬರ್ಲಿನ್ ಎಂದೊಡನೆ ಆ ನಾಡಿನ ಮುಂದಿನ ದುರಂತವನ್ನೆಲ್ಲ ಈ ಮುದ್ರಿಕೆಯಲ್ಲಿ ಕೇಳಬೇಕೆಂಬ ಪ್ರಲೋಭನೆ ನನಗೂ ಉಂಟಾಗಿದೆ. ಆದರೆ ಅದು ನಾಪ್ರಾವ್‌ನಿಕನ ಸಭಿಕರು ಮಾಡಿದ ಕೆಲಸವೇ. ಆಮೇಲೆ ನಡೆದದ್ದನ್ನು ಮೊದಲೇ ಬರೆದಿತ್ತೆಂದು ಓದುವುದು ಅದು.

ಯೆವ್ಗೆನಿ ಮ್ರವಿನ್‌ಸ್ಕಿ ಲೆನಿನ್‌ಗ್ರಾಡ್ ಫಿಲ್ಹಾರ್ಮೋನಿಕ್‌ನ ಮುಖ್ಯ ನಿರ್ದೇಶಕನಾಗಿದ್ದದ್ದು 1938ರಿಂದ 1988ರವರೆಗೆ, ಐವತ್ತು ವರ್ಷ. ಪಾಶ್ಚಾತ್ಯ ದೇಶಗಳ ಪ್ರವಾಸದಲ್ಲಿದ್ದಾಗ 1960ರಲ್ಲಿ ವಿಯೆನ್ನಾದಲ್ಲಿ ಈ ಸಿಂಫನಿಯನ್ನು ಜರ್ಮನಿಯ ಡಾಯ್ಚೆ ಗ್ರಾಮಫೋನ್ ಸಂಸ್ಥೆಗಾಗಿ ಮುದ್ರಿಸಿದನು. ಕೃತಿ ಮೊದಲು ಕೇಳಿಬಂದ ಊರಿನದೇ ವಾದ್ಯವೃಂದ ಅದು. ಈ ಪಾಠದಲ್ಲಿ ಕೊನೆಯ ಭಾಗಕ್ಕೆ ಹಿಡಿಯುವುದು ಹತ್ತು ನಿಮಿಷಕ್ಕಿಂತ ತುಸು ಕಡಿಮೆ. ಎಲ್ಲಿಯೂ ಬೇಡಿಕೊಳ್ಳುವುದಿಲ್ಲ, ಎಲ್ಲಿಯೂ ನಿಂತು ನಮ್ಮ ಮುಖ ನೋಡುವುದಿಲ್ಲ. ಮೊದಮೊದಲು ಇದು ನನಗೆ ನಿರ್ದಯವೆನಿಸಿತ್ತು.

ಹರ್ಬರ್ಟ್ ಫಾನ್ ಕರಾಯನ್ 1939ರಿಂದ 1984ರ ನಡುವೆ ಈ ಸಿಂಫನಿಯನ್ನು ಏಳು ಬಾರಿ ಮುದ್ರಿಸಿದನು. ಒಬ್ಬನೇ ಲಿಪಿಕಾರ ಒಂದೇ ಕಾವ್ಯವನ್ನು ಏಳು ಸಲ ಪ್ರತಿ ಮಾಡಿದಂತೆ. ಪಾಠಾಂತರಗಳ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಅವುಗಳಲ್ಲಿ 1950ರ ದಶಕದ ಮಧ್ಯಭಾಗದ ಮುದ್ರಿಕೆ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮಾಡಿದ್ದು. ಇಲ್ಲಿ ಕನ್ನಡನಾಡಿನ ಒಂದು ಎಳೆಯಿದೆ. ವಾಲ್ಟರ್ ಲೆಗ್ 1945ರಲ್ಲಿ ಸ್ಥಾಪಿಸಿದ ಈ ವಾದ್ಯವೃಂದಕ್ಕೆ 1940ರ ದಶಕದ ಕೊನೆಯಲ್ಲಿ ಉದಾರವಾದ ಧನಸಹಾಯ ನೀಡಿದವರು ಮೈಸೂರಿನ ಜಯಚಾಮರಾಜ ಒಡೆಯರು. ನಿಕೊಲಾಯ್ ಮೆಟ್ನರ್‌ನ ಕೃತಿಗಳು ಕರ್ತೃವಿನ ಕೈಯಿಂದಲೇ ಮುದ್ರಣಗೊಂಡದ್ದು ಅವರ ಪೋಷಣೆಯಿಂದ. ಬಾಲಕಿರೇವ್‌ನ ಮೊದಲ ಸಿಂಫನಿಯನ್ನು ಕರಾಯನ್ ಇದೇ ವಾದ್ಯವೃಂದದೊಡನೆ 1949ರಲ್ಲಿ ಮುದ್ರಿಸಿದ್ದೂ ಅವರ ಆಸಕ್ತಿಯ ಫಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ನೆನೆಯುವ ನಾವು, ಯಾವ ಕೃತಿ ಪ್ರತಿಯಾಗಿ ಉಳಿಯಬೇಕೆಂಬುದನ್ನು ಪೋಷಕರೂ ನಿರ್ಧರಿಸುತ್ತಾರೆಂಬ ಮಾತನ್ನು ಇಲ್ಲಿಯೂ ನೆನೆಯಬಹುದು. ಕರಾಯನ್ನನ ಪಾಠಗಳ ಗುಣ ಅವುಗಳ ನಯ. ನನ್ನ ಮಟ್ಟಿಗೆ ಅವುಗಳ ಮಿತಿಯೂ ಅದೇ. ಶೋಕದ ಅಂಚುಗಳೆಲ್ಲ ಉಜ್ಜಿ ಹೊಳಪುಗೊಂಡಿರುತ್ತವೆ.

ಐದನೆಯದು ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನೊಡನೆ 1986ರಲ್ಲಿ ಮಾಡಿದ ಮುದ್ರಣ. ಸಿಂಫನಿ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕೊನೆಯ ಭಾಗವೊಂದಕ್ಕೇ ಹದಿನೇಳು ನಿಮಿಷ. ಇದೇ ನಿರ್ದೇಶಕ ಇದೇ ವಾದ್ಯವೃಂದದೊಡನೆ 1960ರ ದಶಕದಲ್ಲಿ ಮಾಡಿದ ಮುದ್ರಿಕೆಯಲ್ಲಿ ಅದೇ ಭಾಗ ಇದಕ್ಕಿಂತ ಬಹಳ ಬೇಗ ಮುಗಿಯುತ್ತದೆ. ಮಧ್ಯದ ಎರಡು ದಶಕಗಳಲ್ಲಿ ಸ್ವರಲಿಪಿ ಬೆಳೆಯಲಿಲ್ಲ.

ನನ್ನ ಎರಡನೆಯ ತಪ್ಪು ಈ ಮುದ್ರಿಕೆಗೆ ಸಂಬಂಧಿಸಿದ್ದು. ನನ್ನ ತಂದೆಯವರು ತೀರಿಕೊಂಡ ವರ್ಷ ಇದನ್ನು ಮೊದಲು ಕೇಳಿದೆ. ಪಿಟೀಲಿನ ಒಂದೊಂದು ಸ್ವರವೂ ಬಿಡಲೊಲ್ಲದೆ ಬಿಡುತ್ತಿತ್ತು. ಆ ರಾತ್ರಿ ಈ ಹದಿನೇಳು ನಿಮಿಷಗಳು ನನಗೆ ಕೊಟ್ಟ ಸಮಾಧಾನವನ್ನು ಯಾವ ಮಾತೂ ಕೊಟ್ಟಿರಲಿಲ್ಲ. ಅಂದಿನಿಂದ ಹಲವು ವರ್ಷ ಇದೇ ನಿಜವಾದ ಪಾಠ, ಉಳಿದವರು ಅವಸರಪಟ್ಟವರು ಎಂದು ನಂಬಿದೆ; ಹಾಗೆಂದು ತರಗತಿಯಲ್ಲಿಯೂ ಹೇಳಿದೆ. ಒಬ್ಬ ವಿದ್ಯಾರ್ಥಿನಿ, ಸ್ವರಲಿಪಿಯಲ್ಲಿ ಇಷ್ಟು ನಿಧಾನವೆಂದು ಬರೆದಿದೆಯೇ ಸರ್ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿಯನ್ನು ನೋಡದೆ ಪಾಠ ನಿರ್ಣಯಿಸಿದ ನಾಚಿಕೆಯಿಂದ ಸ್ವರಲಿಪಿಯನ್ನು ಹುಡುಕಿ ತೆಗೆದು, ತಿಳಿದವರ ನೆರವಿನಿಂದ ಎಣಿಸಲು ಕುಳಿತೆ.

ಲೆಕ್ಕ ಸರಳವಾದುದು. ಕೊನೆಯ ಭಾಗ ಮೂರು ಎಣಿಕೆಯ ತಾಳದಲ್ಲಿದೆ; ಸುಮಾರು 170 ಆವರ್ತಗಳಿವೆ. ಒಟ್ಟು ಎಣಿಕೆಗಳು 510ರಷ್ಟು. ಮುದ್ರಿತ ಸ್ವರಲಿಪಿಯಲ್ಲಿ ಆರಂಭದ ಗತಿ ನಿಮಿಷಕ್ಕೆ 54 ಎಣಿಕೆ. ಆ ಗತಿಯಲ್ಲೇ ಕೊನೆಯವರೆಗೆ ನಡೆದರೆ ಒಂಬತ್ತೂವರೆ ನಿಮಿಷವಾಗುತ್ತದೆ. ನಡುವೆ ಬರುವ ಅಂದಾಂತೆ ಭಾಗಗಳ ಗತಿ ಇದಕ್ಕಿಂತ ಚುರುಕು. ಅಲ್ಲಲ್ಲಿ ನಿಲುಗಡೆಗಳೂ ಇವೆ. ಎರಡನ್ನೂ ತೂಗಿದರೆ ಹತ್ತು ನಿಮಿಷದ ಆಸುಪಾಸು ಎನ್ನಬಹುದು. ಮ್ರವಿನ್‌ಸ್ಕಿಯದು ಅಷ್ಟೇ. ಹದಿನೇಳು ನಿಮಿಷವಾಗಬೇಕಾದರೆ ಗತಿ ಸರಾಸರಿ ನಿಮಿಷಕ್ಕೆ 30 ಎಣಿಕೆಗೆ ಇಳಿಯಬೇಕು. ಅಚ್ಚಾದ ಗತಿಯ ಅರ್ಧಕ್ಕಿಂತ ತುಸು ಹೆಚ್ಚು. ಎಣಿಕೆಯ ಅಂಕಿಗಳು ಶಾಸನವಲ್ಲ ನಿಜ. ಸಭಾಂಗಣ, ವಾದ್ಯವೃಂದ, ಆ ದಿನದ ಮನಃಸ್ಥಿತಿ ಇವಕ್ಕೆ ತಕ್ಕಂತೆ ಹತ್ತು ಹನ್ನೆರಡು ಎಣಿಕೆ ಹೆಚ್ಚು ಕಡಿಮೆಯಾದರೆ ಯಾರೂ ಆಕ್ಷೇಪಿಸಲಾರರು. ಆದರೆ ಇಲ್ಲಿರುವುದು ಆ ಪ್ರಮಾಣದ ಭೇದವಲ್ಲ. ನಮ್ಮ ಪರಿಭಾಷೆಯಲ್ಲಿ ಇದಕ್ಕೆ ಪ್ರಕ್ಷೇಪವೆಂದು ಹೆಸರು. ಕ್ಯಾಸೆಟ್ಟಿನ ಕಾಲದಲ್ಲಿ ನಾನು ಲೋಪವನ್ನು ಗುರುತಿಸದೆ ಹೋದೆ. ಈ ಬಾರಿ ಪ್ರಕ್ಷೇಪವನ್ನು ಗುರುತಿಸದೆ ಹೋದೆ.

ಪ್ರಕ್ಷಿಪ್ತವಾದದ್ದು ಏನು? ನವೆಂಬರ್ 6. ಕರ್ತೃವಿನ ಮರಣ. ಕಾಲರಾ ಮರಣದ ಸುತ್ತ ಮೊದಲಿನಿಂದಲೂ ವದಂತಿಗಳಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲೆಕ್ಸಾಂಡ್ರಾ ಒರ್ಲೋವಾ ಅದು ಬಲವಂತದ ಆತ್ಮಹತ್ಯೆಯೆಂದು ವಾದಿಸಿದರು. ಅಲೆಕ್ಸಾಂಡರ್ ಪೊಜ್ನಾನ್‌ಸ್ಕಿ ದಾಖಲೆಗಳ ಬಲದಿಂದ ಅದನ್ನು ವಿವರವಾಗಿ ಖಂಡಿಸಿದರು. ವಾದ ಹೇಗೇ ಇರಲಿ, ಈ ಕಥೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಕೊನೆಯ ಭಾಗ ಒಬ್ಬ ಮನುಷ್ಯನ ಕೊನೆಯ ಪತ್ರದಂತೆ ಕೇಳಿಸತೊಡಗುತ್ತದೆ. ಕೊನೆಯ ಪತ್ರವನ್ನು ಯಾರೂ ವೇಗವಾಗಿ ಓದುವುದಿಲ್ಲ.

ಈ ವಾದಕ್ಕೆ ಒಂದು ಬಲವಾದ ಪೂರ್ವಪಕ್ಷವಿದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ಮರಣ ಈ ಕೃತಿಗೆ ಹೊರಗಿನಿಂದ ಬಂದದ್ದಲ್ಲ. ಮೊದಲ ಭಾಗದ ಬಿರುಗಾಳಿಯ ನಡುವೆ ಹಿತ್ತಾಳೆ ವಾದ್ಯಗಳು ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಮೃತಸಂಸ್ಕಾರದ ಪ್ರಾರ್ಥನೆಯ ಧಾಟಿಯನ್ನು ನುಡಿಸುತ್ತವೆ. ಪ್ರದರ್ಶನಕ್ಕೆ ಮುಂಚೆ, ಗ್ರ್ಯಾಂಡ್ ಡ್ಯೂಕ್ ಕೊನ್‌ಸ್ತಾಂತಿನ್ ಒಂದು ಮರಣಗೀತೆಗೆ ಸಂಗೀತ ರಚಿಸಲು ಸೂಚಿಸಿದಾಗ, ತನ್ನ ಹೊಸ ಸಿಂಫನಿಯ, ವಿಶೇಷವಾಗಿ ಅದರ ಕೊನೆಯ ಭಾಗದ, ಭಾವವೂ ಅದೇ ಬಗೆಯದಾದ್ದರಿಂದ ತಾನು ಹೇಳಿದ್ದನ್ನೇ ಹೇಳಬೇಕಾದೀತೆಂದು ಚೈಕೋವ್‌ಸ್ಕಿ ಹಿಂಜರಿದನು. ಕೊನೆಯ ಭಾಗದಲ್ಲಿ ಜಾಗಟೆಯ ಒಂದೇ ಒಂದು ಮೆಲುಪೆಟ್ಟು ಬೀಳುತ್ತದೆ. ಅದರ ಹಿಂದೆಯೇ ಟ್ರೊಂಬೋನ್‌ಗಳು ಚರ್ಚಿನ ಗಾಯನದಂತೆ ನುಡಿಯುತ್ತವೆ. ಇವೆಲ್ಲ ಮೂಲಪಾಠದಲ್ಲೇ ಇರುವ ಮರಣಸೂಚನೆಗಳು. ಹಾಗಿದ್ದ ಮೇಲೆ ಬರ್ನ್‌ಸ್ಟೈನ್ ಸೇರಿಸಿದ್ದೇನು ಎಂದು ಕೇಳಬಹುದು.

ನನ್ನ ಉತ್ತರ ಹೀಗಿದೆ. ಮರಣ ಪಾಠದಲ್ಲಿದೆ, ಕರ್ತೃವಿನ ಮರಣ ಪಾಠದಲ್ಲಿಲ್ಲ. ಮೊದಲನೆಯದು ಎಲ್ಲರದು, ಎರಡನೆಯದು ಒಬ್ಬನದು. ಅಚ್ಚಾದ ಗತಿಯಲ್ಲಿ ನುಡಿಸಿದಾಗ ಶೋಕ ನಡೆಯುತ್ತ ಬರುತ್ತದೆ, ತಡೆದರೂ ನಿಲ್ಲದೆ ದಾಟಿಹೋಗುತ್ತದೆ. ಜಾಗಟೆಯ ನಂತರದ ಕೊನೆಯ ಪುಟಗಳ ಗತಿಸೂಚನೆ ಅಂದಾಂತೆ ಜುಸ್ತೊ, ಎಂದರೆ ಸಮನಾದ ನಡೆ. ಮೊದಲು ಸಾಂತ್ವನದಂತೆ ಕೇಳಿದ್ದ ಧಾಟಿ ಇಲ್ಲಿ ಛಾಯೆ ಬದಲಿಸಿಕೊಂಡು ಮರಳುತ್ತದೆ. ತಳದ ವಾದ್ಯಗಳು ಅದರ ಕೆಳಗೆ ಎದೆಬಡಿತದಂತೆ ಮಿಡಿಯುತ್ತವೆ. ಆ ಮಿಡಿತ ಮಿಡಿತವೆಂದು ಅನ್ನಿಸಬೇಕಾದರೆ ಅದಕ್ಕೊಂದು ನಡೆ ಬೇಕು. ಅತಿ ವಿಳಂಬದಲ್ಲಿ ಅದು ಬಿಡಿ ಬಿಡಿ ಹೊಡೆತವಾಗಿಬಿಡುತ್ತದೆ. ಅದು ನಿಂತಾಗ ನಿಂತಿತೆಂಬುದೇ ನಮಗೆ ತಿಳಿಯುವುದಿಲ್ಲ. ಮ್ರವಿನ್‌ಸ್ಕಿಯಲ್ಲಿ ತಿಳಿಯುತ್ತದೆ. ನಾನು ನಿರ್ದಯವೆಂದು ಭಾವಿಸಿದ್ದದ್ದು ಕೃತಿಯದೇ ಸಂಯಮ. ನನ್ನ ತಂದೆಯವರ ಕೊನೆಯ ದಿನಗಳೂ ಹೀಗೆಯೇ, ನಾವು ಯಾರೂ ತಡೆದು ನಿಲ್ಲಿಸಲಾರದ ಸಮನಾದ ನಡೆಯಲ್ಲಿ ಕಳೆದುಹೋದವು. ಅದನ್ನು ಒಪ್ಪಿಕೊಳ್ಳಲಾರದವನಿಗೆ ಹದಿನೇಳು ನಿಮಿಷದ ಪಾಠ ಬೇಕಾಗಿತ್ತು.

ಹಾಗೆಂದು ಬರ್ನ್‌ಸ್ಟೈನ್ ಮುದ್ರಿಕೆಯನ್ನು ತಳ್ಳಿಹಾಕುತ್ತಿಲ್ಲ. ಅದನ್ನು ಮೂಲಪಾಠದ ಸ್ಥಾನದಿಂದ ಇಳಿಸಿ ವ್ಯಾಖ್ಯಾನದ ಸ್ಥಾನದಲ್ಲಿ ಇಡಬೇಕೆನ್ನುತ್ತೇನೆ. ದೊಡ್ಡ ಟೀಕಾಕಾರ ಮೂಲದ ಒಂದು ಪದಕ್ಕೆ ಒಂದು ಪುಟ ಬರೆಯುತ್ತಾನೆ. ಆ ಪುಟ ಸ್ವತಂತ್ರವಾಗಿಯೇ ಸುಂದರವಾಗಿರಬಹುದು. ಟೀಕೆಯನ್ನು ಮೂಲದೊಳಗೆ ಸೇರಿಸಿ ಬರೆದಾಗ ಮಾತ್ರ ಸಮಸ್ಯೆ.

ಇಲ್ಲಿಯವರೆಗೆ ಹೇಳಿದ್ದು ಗತಿಯ ಪಾಠಾಂತರ. ಧ್ವನಿಮುದ್ರಣದ ಯಂತ್ರ, ವಾದಕರು ಕೂರುವ ಕ್ರಮ ಇವುಗಳಿಂದಲೂ ಪಾಠಾಂತರಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದು ಬಹಳ ಸ್ವಾರಸ್ಯಕರ. ಕೊನೆಯ ಭಾಗದ ಆರಂಭದಲ್ಲಿ ನಮಗೆ ಕೇಳುವ ಇಳಿಜಾರಿನ ಧಾಟಿ ಸ್ವರಲಿಪಿಯಲ್ಲಿ ಯಾರ ಪಾಲಿಗೂ ಬರೆದಿಲ್ಲ. ಅದರ ಒಂದು ಸ್ವರ ಮೊದಲ ಪಿಟೀಲುಗಳಲ್ಲಿದ್ದರೆ ಮುಂದಿನದು ಎರಡನೆಯ ಪಿಟೀಲುಗಳಲ್ಲಿ, ಹೀಗೆ ಸರದಿಯಾಗಿ. ಪ್ರತ್ಯೇಕವಾಗಿ ನುಡಿಸಿದರೆ ಎರಡೂ ಅರ್ಥವಿಲ್ಲದ ನೆಗೆತಗಳು. ಕೂಡಿದಾಗ ಮಾತ್ರ ಪ್ರಲಾಪ. ಇದೇ ಧಾಟಿ ಮುಂದೆ ಮರಳುವಾಗ ಅದನ್ನು ಮೊದಲ ಪಿಟೀಲುಗಳಿಗೇ ಇಡಿಯಾಗಿ ಕೊಡಲಾಗಿದೆ. ಕರ್ತೃವಿನ ಕಾಲದಲ್ಲಿ ಮೊದಲ ಪಿಟೀಲುಗಳು ವೇದಿಕೆಯ ಎಡಕ್ಕೂ ಎರಡನೆಯವು ಬಲಕ್ಕೂ ಕೂರುತ್ತಿದ್ದವು. ಆಗ ಧಾಟಿ ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು ಚೂರಾಗಿ, ನಡುವಿನ ಗಾಳಿಯಲ್ಲಿ ಒಂದಾಗುತ್ತಿತ್ತು. ಇಂದಿನ ಬಹುತೇಕ ವಾದ್ಯವೃಂದಗಳಲ್ಲಿ ಎರಡೂ ಒಂದೇ ಕಡೆ ಕೂರುವುದರಿಂದ ಈ ವಿಭಜನೆ ಕಣ್ಣಿಗೆ ಮಾತ್ರ ಉಳಿದಿದೆ. ಒಂದೇ ಧ್ವನಿವಾಹಿನಿಯ ಹಳೆಯ ತಟ್ಟೆಗಳಲ್ಲಿ ವಾದಕರು ಹೇಗೆ ಕುಳಿತರೂ ಕೇಳುವುದೊಂದೇ. ಮ್ರವಿನ್‌ಸ್ಕಿ ಹಳೆಯ ಕ್ರಮವನ್ನೇ ಉಳಿಸಿಕೊಂಡಿದ್ದನು; 1960ರ ಮುದ್ರಿಕೆ ಸ್ಟೀರಿಯೊ ಆದ್ದರಿಂದ ಆ ಭೇದ ಅದರಲ್ಲಿ ದಾಖಲಾಗಿದೆ.

ಇನ್ನೊಂದು ಸ್ಥಳ ಮೊದಲ ಭಾಗದಲ್ಲಿದೆ. ಬಿರುಗಾಳಿ ಎರಗುವ ಮುನ್ನ ಕ್ಲಾರಿನೆಟ್ ಇಳಿಯುತ್ತ ಬಂದು, ಕೊನೆಯ ನಾಲ್ಕು ಸ್ವರಗಳನ್ನು ಬಸೂನ್‌ಗೆ ಒಪ್ಪಿಸುತ್ತದೆ. ಅಲ್ಲಿ ಚೈಕೋವ್‌ಸ್ಕಿ ಮೆಲುದನಿಯ ಸಂಕೇತವಾದ ಪಿ ಅಕ್ಷರವನ್ನು ಆರು ಬಾರಿ ಬರೆದಿದ್ದಾನೆ. ಬಸೂನ್ ಅಷ್ಟು ಮೆಲ್ಲಗೆ ನುಡಿಯುವುದು ಬಲು ಕಷ್ಟ. ಆದ್ದರಿಂದ ಅನೇಕ ನಿರ್ದೇಶಕರು ಆ ಸ್ವರಗಳನ್ನು ಬಾಸ್ ಕ್ಲಾರಿನೆಟ್‌ಗೆ ವರ್ಗಾಯಿಸುತ್ತಾರೆ. ಬದಲಾವಣೆ ಸುಶ್ರಾವ್ಯ. ಆದರೆ ಮೃದುವಾಗಲು ಹೆಣಗುವ ವಾದ್ಯದ ಕಷ್ಟವೂ ಕರ್ತೃವಿಗೆ ಬೇಕಾಗಿದ್ದಿರಬಹುದು. ಕ್ಲಿಷ್ಟಪಾಠವೇ ಗ್ರಾಹ್ಯ ಎಂಬ ಸಂಪಾದನಾಸೂತ್ರ ಇಲ್ಲಿಗೂ ಅನ್ವಯಿಸುತ್ತದೆಂದು ನನಗನಿಸುತ್ತದೆ.

ಇವುಗಳಿಂದ ಒಂದು ಕ್ರಮವನ್ನು ರೂಪಿಸಿಕೊಳ್ಳಬಹುದು. ಧ್ವನಿಮುದ್ರಿಕೆಯನ್ನು ಕೇಳುವಾಗ ನಾಲ್ಕು ಪದರಗಳನ್ನು ಬೇರ್ಪಡಿಸಿ ನೋಡಬೇಕು: ಸ್ವರಲಿಪಿ ಹೇಳುವುದು, ಪ್ರದರ್ಶನಪರಂಪರೆ ರೂಢಿಸಿಕೊಂಡದ್ದು, ಯಂತ್ರ ಒಡ್ಡಿದ ಮಿತಿ, ಮತ್ತು ಕೇಳುಗ ತನ್ನೊಡನೆ ತಂದದ್ದು. ಕೊನೆಯದನ್ನು ಗುರುತಿಸುವುದೇ ಎಲ್ಲಕ್ಕಿಂತ ಕಷ್ಟ. ನಾನು ತಂದದ್ದನ್ನು ಗುರುತಿಸಲು ನನಗೆ ವರ್ಷಗಳೇ ಬೇಕಾದವು. ಅದೂ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತು ದೂರದ್ದಲ್ಲ. ಕವಿಯ ಬಾಳಿನ ಬಗ್ಗೆ ಹುಟ್ಟಿದ ಐತಿಹ್ಯವನ್ನು ಕಾವ್ಯದೊಳಗೆ ಓದಿ, ಅದನ್ನೇ ಕಾವ್ಯಾರ್ಥವೆಂದು ಬರೆದ ಪುಟಗಳು ನಮ್ಮ ವಿಮರ್ಶೆಯಲ್ಲಿ ಕಡಿಮೆಯೇನಿಲ್ಲ. ಐತಿಹ್ಯ ಸುಂದರವಾಗಿದ್ದಷ್ಟೂ ಅದನ್ನು ಬಿಡುವುದು ಕಷ್ಟ.

ಈಗಲೂ ನನ್ನ ಬಳಿ ಬರ್ನ್‌ಸ್ಟೈನ್ ಮುದ್ರಿಕೆ ಇದೆ. ವರ್ಷಕ್ಕೊಮ್ಮೆ, ತಂದೆಯವರ ನೆನಪಿನ ದಿನ, ಅದನ್ನು ಕೇಳುತ್ತೇನೆ. ತರಗತಿಯಲ್ಲಿ ಕೇಳಿಸುವುದು ಮಾತ್ರ ಮ್ರವಿನ್‌ಸ್ಕಿಯನ್ನು.